ಬೆಳಿಗ್ಗೆ ನಾಟಕ, ಮ್ಯಾಟಿನಿಗೆ ಸಿನಿಮಾ

ಮುಂಬೈಯಲ್ಲಿ ‘ಒಪೆರಾ ಹೌಸ್ ಕಡೆ ಹೋಗಿ ಬರ್ತೇನೆ’ ಎಂದು ಹೊರಟವರಲ್ಲಿ ಹಾಡು ಕೇಳಲು ಹೊರಟವರು ಕಡಿಮೆ. ಒಬ್ಬನ ಜೇಬಿನಲ್ಲಿ ಕಾಗದದ ಪೊಟ್ಟಣದೊಳಗೆ ವಜ್ರದ ಹರಳು ಇರುತ್ತದೆ. ಇನ್ನೊಬ್ಬ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಕಂಪ್ಯೂಟರ್ ಬಿಡಿಭಾಗ ಹುಡುಕಬೇಕಾದವನು. ಮತ್ತೊಬ್ಬನಿಗೆ ಚರ್ನಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ಗಿರಗಾಂವ್ ಚೌಪಾಟಿಯ ಗಾಳಿ ಕುಡಿಯಬೇಕು. ಆ ಹೆಸರಿನದೊಂದು ಕಟ್ಟಡ ಇದೆ, ಅದರೊಳಗೆ ವೇದಿಕೆ ಇದೆ ಎಂಬುದು ಒಂದು ಇಡೀ ತಲೆಮಾರಿಗೆ ಮರೆತೇ ಹೋಗಿತ್ತು. 1993ರಲ್ಲಿ ಬಾಗಿಲು ಮುಚ್ಚಿದ ರಾಯಲ್ ಒಪೆರಾ ಹೌಸ್ ಮತ್ತೆ ತೆರೆದದ್ದು 2016ರಲ್ಲಿ. ನಡುವಿನ 23 ವರ್ಷ ಕಟ್ಟಡ ಕತ್ತಲಲ್ಲಿತ್ತು, ಹೆಸರು ಮಾತ್ರ ಊರ ಬಾಯಲ್ಲಿ ಓಡಾಡುತ್ತಿತ್ತು. 2011ರ ಜುಲೈ 13ರ ಸರಣಿ ಸ್ಫೋಟದ ದಿನ ಟಿ.ವಿ.ಯಲ್ಲಿ ಝವೇರಿ ಬಜಾರ್, ದಾದರ್ ಜತೆಗೆ ‘ಒಪೆರಾ ಹೌಸ್’ ಎಂದು ಕೇಳಿದಾಗಲೂ ನಮ್ಮಲ್ಲಿ ಬಹಳ ಮಂದಿ ಅದನ್ನೊಂದು ಬಡಾವಣೆ ಎಂದೇ ತಿಳಿದದ್ದು.

ಈ ಕಟ್ಟಡದ ಬಗ್ಗೆ ಬಂದ ಬರಹಗಳಲ್ಲಿ ಒಂದೇ ರಾಗ ಕೇಳಿಸುತ್ತದೆ: ರಾಜರ ಕಾಲದಲ್ಲಿ ವೈಭವ, ಸಿನಿಮಾ ಬಂದು ಕೇಡು, ಕೊನೆಗೆ ಜೀರ್ಣೋದ್ಧಾರ. ಮೊದಲನೆಯದೂ ಕೊನೆಯದೂ ಹೆಚ್ಚು ಕಡಿಮೆ ನಿಜವೇ. ಮಧ್ಯದ ಮಾತಿನ ಬಗ್ಗೆ ನನಗೆ ತಕರಾರಿದೆ.

ಕಥೆ ಹುಟ್ಟುವುದು 1908ರಲ್ಲಿ, ಇಬ್ಬರು ವ್ಯಾಪಾರಿಗಳ ತಲೆಯಲ್ಲಿ. ಒಬ್ಬ ಮಾರಿಸ್ ಬ್ಯಾಂಡ್‌ಮನ್. ಕಲ್ಕತ್ತೆಯಲ್ಲಿ ನೆಲೆ ಮಾಡಿಕೊಂಡು, ಜಿಬ್ರಾಲ್ಟರಿನಿಂದ ಜಪಾನಿನವರೆಗೆ ಹಡಗಿನಲ್ಲಿ ನಾಟಕ ಕಂಪನಿಗಳನ್ನು ಸಾಗಿಸುತ್ತಿದ್ದ ಆಸಾಮಿ. ಅವನ ತಂದೆ ಡೇನಿಯಲ್ ಬ್ಯಾಂಡ್‌ಮನ್ ದುರಂತ ಪಾತ್ರಗಳಿಗೆ ಹೆಸರಾದ ನಟ. ಮಗನಿಗೆ ಬಣ್ಣಕ್ಕಿಂತ ಗಲ್ಲಾಪೆಟ್ಟಿಗೆಯ ಲೆಕ್ಕ ಚೆನ್ನಾಗಿ ಒಲಿದಿತ್ತು. ಇಂದು ಒಂದೇ ಸಿನಿಮಾ ಹತ್ತು ದೇಶಗಳಲ್ಲಿ ಬಿಡುಗಡೆಯಾಗುವುದು ನಮಗೆ ಸಹಜ. ಬ್ಯಾಂಡ್‌ಮನ್ ಅದನ್ನೇ ಜೀವಂತ ನಟರನ್ನು ಇಟ್ಟುಕೊಂಡು ಮಾಡುತ್ತಿದ್ದ: ಲಂಡನ್ನಿನಲ್ಲಿ ಗೆದ್ದ ಸಂಗೀತ ಪ್ರಹಸನ, ಅದೇ ಹಾಡು, ಅದೇ ಉಡುಪು, ಬಂದರಿನಿಂದ ಬಂದರಿಗೆ. ಇನ್ನೊಬ್ಬ ಜಹಾಂಗೀರ್ ಫ್ರಾಮ್‌ಜಿ ಕರಾಕಾ, ಮುಂಬೈಯ ಪಾರ್ಸಿ, ಕಲ್ಲಿದ್ದಲಿನ ದಲ್ಲಾಳಿ. ಪರದೇಶಿ ಕಂಪನಿಗಳು ಬಂದರೆ ಆಡಲು ಮುಂಬೈಯಲ್ಲಿ ತಕ್ಕ ಜಾಗ ಬೇಕು ಎಂದು ಇಬ್ಬರೂ ಕೂಡಿ ಕೈಹಾಕಿದರು.

ಐದನೆಯ ಜಾರ್ಜ್ ದೊರೆ 1911ರ ಡಿಸೆಂಬರಿನಲ್ಲಿ ದೆಹಲಿ ದರ್ಬಾರಿಗೆಂದು ಮುಂಬೈಯಲ್ಲಿ ಹಡಗಿಳಿದ. ಅವನಿಗಾಗಿಯೇ ಗೇಟ್‌ವೇ ಆಫ್ ಇಂಡಿಯಾ ಕಟ್ಟಬೇಕೆಂದಿದ್ದರೂ ಆ ಹೊತ್ತಿಗೆ ತೋರಿಸಲು ಇದ್ದದ್ದು ರಟ್ಟಿನ ಮಾದರಿ. ಒಪೆರಾ ಹೌಸಿನ ಪಾಡೂ ಹೆಚ್ಚು ಬೇರೆ ಇರಲಿಲ್ಲ, ಕೆಲಸ ಇನ್ನೂ ಸಾಗಿತ್ತು. ಆದರೂ ದೊರೆಯಿಂದ ಉದ್ಘಾಟನೆಯ ಶಾಸ್ತ್ರ ಮುಗಿಯಿತು. ಕಟ್ಟಡ ಪೂರ್ತಿಯಾದದ್ದು 1912ರಲ್ಲಿ, ಅಲ್ಲಿಂದ ಮುಂದೆ 1915ರವರೆಗೂ ಒಂದಲ್ಲ ಒಂದು ಸೇರ್ಪಡೆ ನಡೆದೇ ಇತ್ತು. ಅರ್ಧ ಕಟ್ಟಿದ್ದನ್ನು ಉದ್ಘಾಟಿಸುವ ಪದ್ಧತಿ ನಮ್ಮ ಮಂತ್ರಿಗಳು ಹುಟ್ಟುಹಾಕಿದ್ದೆಂದು ತಿಳಿದವರು ಇದನ್ನು ಗಮನಿಸಬೇಕು.

ಒಳಗಿನ ವೈಭವಕ್ಕೆ ಕೊರತೆ ಇರಲಿಲ್ಲ. ಯುರೋಪಿನ ಬರೋಕ್ ಶೈಲಿಯ ಉಬ್ಬುಕೆತ್ತನೆ, ಚಿನ್ನದ ಲೇಪ, ಇಟಲಿಯ ಅಮೃತಶಿಲೆ, ಬಣ್ಣದ ಗಾಜು. ಗುಮ್ಮಟವನ್ನು ಎಂಟು ಪಾಲು ಮಾಡಿ ಹಿಂದಿನ ಕವಿ, ಕಾದಂಬರಿಕಾರ, ನಾಟಕಕಾರರಿಗೆ ಅರ್ಪಿಸಿದ್ದರು. ಸ್ಫಟಿಕದ ಎರಡು ದೊಡ್ಡ ತೂಗುದೀಪಗಳನ್ನು ಕೊಟ್ಟದ್ದು ಬಾಗ್ದಾದಿನಿಂದ ಬಂದು ಮುಂಬೈಯಲ್ಲಿ ಸಿರಿವಂತರಾದ ಯೆಹೂದಿ ಸಸೂನ್ ಮನೆತನ. ಬೈಕಲಾದಲ್ಲಿ ಅವರದ್ದೊಂದು ಬಂಗಲೆ ಇತ್ತು, ಅದರ ಹೆಸರು ‘ಸಾನ್ ಸೂಸಿ’, ಈಗ ಅದು ಮಸೀನಾ ಆಸ್ಪತ್ರೆ. ಅದೇ ಹೆಸರು ಈ ದೀಪಗಳಿಗೂ ಅಂಟಿಕೊಂಡಿದೆ.

ನನ್ನನ್ನು ಸೆಳೆಯುವುದು ಚಿನ್ನದ ಲೇಪವಲ್ಲ, ಚಾವಣಿ. ಗ್ಯಾಲರಿಯ ಕೊನೆಯ ಸಾಲಿನಲ್ಲಿ ಕೂತವನಿಗೂ ಹಾಡುಗಾರನ ಪ್ರತಿ ಅಕ್ಷರ ಕೇಳಬೇಕೆಂದು ಆ ಚಾವಣಿಯ ಬಾಗನ್ನು ಲೆಕ್ಕ ಹಾಕಿ ಮಾಡಿದ್ದರು. ಮೈಕ್ ಇಲ್ಲದ ಕಾಲ. ನಟನ ಗಂಟಲು ಎಷ್ಟು ಮುಖ್ಯವೋ ಮೇಸ್ತ್ರಿಯ ಕೈಚಳಕವೂ ಅಷ್ಟೇ ಮುಖ್ಯ. ಮೆತ್ತನೆಯ ಬಟ್ಟೆ, ಮರದ ಹಲಗೆ, ಗಾರೆಯ ಉಬ್ಬುತಗ್ಗು ಎಲ್ಲವೂ ದನಿಯನ್ನು ಹಿಡಿಯಬೇಕು, ಬಿಡಬೇಕು, ಆದರೆ ಪ್ರತಿಧ್ವನಿಯಾಗಿ ತಿರುಗಿ ಬಾರದಂತೆಯೂ ನೋಡಿಕೊಳ್ಳಬೇಕು. ಶ್ರೀಮಂತನಿಗೆ ಬಾಕ್ಸ್, ಬಡವನಿಗೆ ಗ್ಯಾಲರಿ ಎಂಬ ಭೇದ ಕಣ್ಣಿಗೆ ಮಾತ್ರ ಉಳಿದಿತ್ತು.

ಕಟ್ಟಿದ ಜಾಗವೂ ಅದರ ಹಣೆಬರಹವನ್ನು ತಿದ್ದಿತು. ಬಿಳಿಯರ ಕೋಟೆ ಪ್ರದೇಶದಲ್ಲಿ ಕಟ್ಟಿದ್ದರೆ ಅದು ಬಿಳಿಯರದಾಗಿಯೇ ಉಳಿಯುತ್ತಿತ್ತೇನೋ. ಇಲ್ಲಿ ಒಂದು ಮಗ್ಗುಲಿಗೆ ಮಲಬಾರ್ ಹಿಲ್ಲಿನ ಸಾಹೇಬರು, ಪಾರ್ಸಿ ಧನಿಕರು. ಇನ್ನೊಂದು ಮಗ್ಗುಲಿಗೆ ಗಿರಗಾಂವಿನ ಚಾಳುಗಳು. ಒಂದು ಕೋಣೆ, ಒಂದು ಅಡುಗೆಮೂಲೆ, ಉದ್ದನೆಯ ಪಡಸಾಲೆ, ಅದರ ಕೊನೆಯಲ್ಲಿ ಎಲ್ಲರಿಗೂ ಒಂದೇ ನಲ್ಲಿ. ಆ ಚಾಳುಗಳ ಮರಾಠಿ ಗುಮಾಸ್ತರಿಗೆ ನಾಟಕವೆಂದರೆ ಊಟ ಬಿಟ್ಟಾದರೂ ನೋಡಬೇಕಾದ ಸಂಗತಿ. ಬ್ಯಾಂಡ್‌ಮನ್ನನ ಲಂಡನ್ ಹಾಡುಗಳು ವರ್ಷವಿಡೀ ಹಾಲ್ ತುಂಬಿಸಲಾರವು ಎಂದಾಗ ಬಾಗಿಲು ತಟ್ಟಿದ್ದು ಇದೇ ನೆರೆಹೊರೆ. ಬಾಲ ಗಂಧರ್ವ, ಮಾಸ್ಟರ್ ದೀನಾನಾಥ್, ಮಾಸ್ಟರ್ ಕೃಷ್ಣರಾವ್, ಬಾಪೂರಾವ್ ಪೆಂಢಾರಕರ್, ಜ್ಯೋತ್ಸ್ನಾ ಭೋಳೆ ಮುಂತಾದವರೆಲ್ಲ ಈ ವೇದಿಕೆ ಹತ್ತಿದವರು. ಒಪೆರಾಗೆಂದು ಕಟ್ಟಿಸಿದ ಮನೆಗೆ ನಿಜವಾದ ಬಾಡಿಗೆದಾರನಾಗಿ ಬಂದದ್ದು ಸಂಗೀತ ನಾಟಕ. ಹಾಗೆ ನೋಡಿದರೆ ಎರಡೂ ದೂರದ ಸಂಬಂಧಿಗಳೇ. ಕಥೆ ನೆಪ, ಹಾಡು ಮುಖ್ಯ. ಇಟಲಿಯಲ್ಲಿ ‘ಬೀಸ್’ ಎಂದು ಕೂಗುವವರು ಇಲ್ಲಿ ‘ವನ್ಸ್ ಮೋರ್’ ಎನ್ನುತ್ತಿದ್ದರು.

ಈ ಸಂಗೀತ ನಾಟಕದ ಬೇರು ಹಿಡಿದು ಹೋದರೆ ಕನ್ನಡದ ಮಣ್ಣು ಕೈಗೆ ಹತ್ತುತ್ತದೆ. ಹೆಮ್ಮೆಗಾಗಿ ಹೇಳುತ್ತಿಲ್ಲ, ಮರಾಠಿಯ ರಂಗೇತಿಹಾಸಕಾರರೇ ಬರೆದಿಟ್ಟ ವಿಷಯ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೊಂದು 1842ರಲ್ಲಿ ಸಾಂಗಲಿಗೆ ಹೋಗಿ ಆಟ ಆಡಿತು. ನೋಡಿ ಖುಷಿಯಾದ ಅಲ್ಲಿಯ ಅರಸ ಚಿಂತಾಮಣರಾವ್ ಪಟವರ್ಧನ, ಇಂಥದ್ದನ್ನೇ ಮರಾಠಿಯಲ್ಲಿ ಮಾಡು ಎಂದು ತನ್ನ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಗೆ ಹೇಳಿದ. ಮರುವರ್ಷ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅದನ್ನೇ ಮರಾಠಿ ರಂಗಭೂಮಿಯ ಹುಟ್ಟು ಎನ್ನುತ್ತಾರೆ. ಅದೇ 1843ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಬಲವಂತ ಪಾಂಡುರಂಗ ಕಿರ್ಲೋಸ್ಕರ ಹುಟ್ಟಿದರು. ಮುಂದೆ ಅಣ್ಣಾಸಾಹೇಬ ಕಿರ್ಲೋಸ್ಕರ ಎಂದು ಹೆಸರಾದ ಅವರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಹಾಡುಗಳ ಸಮೇತ ಆಡಿಸಿ ಸಂಗೀತ ನಾಟಕಕ್ಕೆ ದಾರಿ ಹಾಕಿದರು. ಕನ್ನಡದ ಮಟ್ಟುಗಳನ್ನು ಅವರು ಧಾರಾಳವಾಗಿ ಬಳಸಿಕೊಂಡಿದ್ದರು. ಅವರ ಕಂಪನಿಯಿಂದ ಬೆಳೆದು ಬಂದವರೇ ಬಾಲ ಗಂಧರ್ವ, ಅಂದರೆ ನಾರಾಯಣ ಶ್ರೀಪಾದ ರಾಜಹಂಸ. 1913ರಲ್ಲಿ ಅವರು ತಮ್ಮದೇ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಕೊಟ್ಟದ್ದು ತಿರುಗಿ ಬಂದ ಕಥೆಯೂ ಇದೆ. ಕಿರ್ಲೋಸ್ಕರ ಕಂಪನಿಯವರ ನಾಟಕಗಳು ಹುಬ್ಬಳ್ಳಿ, ಧಾರವಾಡ, ಗದಗಿನಲ್ಲಿ ಜನರನ್ನು ಮರುಳು ಮಾಡುತ್ತಿದ್ದ ಕಾಲದಲ್ಲಿ ನಮ್ಮ ಮಾತಿನಲ್ಲೂ ಇದು ಆಗಬೇಕು ಎಂಬ ಹಟ ಕನ್ನಡ ಕಂಪನಿಗಳನ್ನು ಬೆಳೆಸಿತು.

ಬಾಲ ಗಂಧರ್ವರ ಸ್ತ್ರೀಪಾತ್ರ ನೋಡಿ ಹೆಂಗಸರು ಸೀರೆಯ ನಿರಿಗೆ ತಿದ್ದಿಕೊಳ್ಳುತ್ತಿದ್ದರು ಎನ್ನುವುದು ಮಹಾರಾಷ್ಟ್ರದ ಮನೆಮನೆಯ ಮಾತು. ವೇದಿಕೆಗೆ ಅವರು ಸುರಿದ ಹಣಕ್ಕೂ ಲೆಕ್ಕವಿರಲಿಲ್ಲ. ನಿಜವಾದ ಜರಿ, ನಿಜವಾದ ಅತ್ತರು. ಆ ಧಾರಾಳವೇ ಅವರನ್ನು ಸಾಲಕ್ಕೆ ನೂಕಿತು. ಮುಂದೆ ಅವರ ಜತೆ ರಂಗಕ್ಕೆ ಬಂದು, ಅವರನ್ನೇ ಮದುವೆಯಾಗಿ, ಕೊನೆಗಾಲದ ಕಷ್ಟದಲ್ಲಿ ಜತೆಗಿದ್ದ ಗೋಹರಬಾಯಿ ಕರ್ನಾಟಕಿ ಬೀಳಗಿಯವರು. ಸಿನಿಮಾ ಹಾಡಿನಿಂದ ದೇಶಕ್ಕೆಲ್ಲ ಪರಿಚಿತರಾದ ಅಮೀರಬಾಯಿ ಕರ್ನಾಟಕಿಯ ಅಕ್ಕ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು, ಒಬ್ಬಾಕೆ ಮುಳುಗುತ್ತಿದ್ದ ರಂಗಭೂಮಿಗೆ, ಇನ್ನೊಬ್ಬಾಕೆ ಏಳುತ್ತಿದ್ದ ಸಿನಿಮಾಕ್ಕೆ.

ಬಿಳಿ ಪರದೆ ಬಂದಾಗ

ಸಿನಿಮಾ ಒಪೆರಾ ಹೌಸಿಗೆ ಹೊರಗಿನಿಂದ ನುಗ್ಗಿದ ಕಳ್ಳನೇನಲ್ಲ, ಅದೂ ಅಕ್ಕಪಕ್ಕದಲ್ಲೇ ಬೆಳೆದ ಹುಡುಗ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಈ ದೇಶ ಮೊದಲು ಕಂಡದ್ದು ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ. ದಾದಾಸಾಹೇಬ್ ಫಾಲ್ಕೆಯ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ತೆರೆ ಕಂಡದ್ದು ಗಿರಗಾಂವಿನ ಕಾರೊನೇಷನ್‌ನಲ್ಲಿ, ಒಪೆರಾ ಹೌಸಿನಿಂದ ಕಾಲ್ನಡಿಗೆಯ ದೂರ. ಒಪೆರಾ ಹೌಸ್ ಪೂರ್ತಿಯಾದ ಮರುವರ್ಷವೇ ಇದು ನಡೆಯಿತು ಎಂಬುದು ನೆನಪಿರಲಿ. ರಾಜರ ಹೆಸರಿನ ಆ ದೊಡ್ಡ ಮನೆ ಕಣ್ಣು ಬಿಡುವ ಹೊತ್ತಿಗೇ ಅದರ ಕಾಲ ಸರಿಯತೊಡಗಿತ್ತು. 1917ರ ಹೊತ್ತಿಗೆ ನಾಟಕಗಳ ಜತೆಗೇ ಅಲ್ಲಿ ಸಿನಿಮಾ ತೋರಿಸುವುದೂ ಶುರುವಾಯಿತು. ಬ್ಯಾಂಡ್‌ಮನ್ 1922ರಲ್ಲಿ ಜಿಬ್ರಾಲ್ಟರಿನಲ್ಲಿ ತೀರಿಕೊಂಡ, ಅವನು ನೇಯ್ದ ಸಮುದ್ರದ ಜಾಲವೂ ಹರಿದುಹೋಯಿತು. ಪ್ರವಾಸಿ ಕಂಪನಿಯ ಐವತ್ತು ಜನರಿಗೆ ಊಟ, ವಸತಿ, ಹಡಗಿನ ಚಾರ್ಜು ಕೊಡುವುದಕ್ಕಿಂತ ಒಂದು ತಗಡಿನ ಡಬ್ಬಿಯಲ್ಲಿ ರೀಲು ತರಿಸುವುದು ಅಗ್ಗ.

1931ರ ಮಾರ್ಚ್ 14ರಂದು ಗಿರಗಾಂವಿನದೇ ಮೆಜೆಸ್ಟಿಕ್‌ನಲ್ಲಿ ‘ಆಲಂ ಆರಾ’ ಮಾತಾಡಿತು. ಹಾಡೂ ಹಾಡಿತು. ಸಂಗೀತ ನಾಟಕದ ಕೈಯಲ್ಲಿದ್ದ ತುರುಪು ಎಲೆ ಅಲ್ಲಿಗೆ ಹೋಯಿತು. ನಾಲ್ಕು ವರ್ಷ ಕಳೆದು 1935ರಲ್ಲಿ ಒಪೆರಾ ಹೌಸ್ ‘ಐಡಿಯಲ್ ಪಿಕ್ಚರ್ಸ್’ ಕೈಗೆ ಬಂದು ಪೂರಾ ಸಿನಿಮಾ ಮಂದಿರವಾಯಿತು. ಅದೇ 1935ರಲ್ಲಿ ಬಾಲ ಗಂಧರ್ವರು ಪ್ರಭಾತ್ ಕಂಪನಿಯ ‘ಧರ್ಮಾತ್ಮಾ’ದಲ್ಲಿ ಸಂತ ಏಕನಾಥರಾಗಿ ಕ್ಯಾಮೆರಾದ ಮುಂದೆ ನಿಂತರು, ಗಂಡುವೇಷದಲ್ಲಿ. ವಿ. ಶಾಂತಾರಾಮ್ ನಿರ್ದೇಶನ. ನಟನೂ ಮನೆಯೂ ಒಂದೇ ವರ್ಷ ಒಂದೇ ಯಜಮಾನನಿಗೆ ಒಪ್ಪಿಸಿಕೊಂಡಂತಾಯಿತು. ಆದರೆ ನಟನಿಗೆ ಹೊಸ ಕಸುಬು ಒಗ್ಗಲಿಲ್ಲ, ಮನೆಗೆ ಒಗ್ಗಿತು.

ಹಾಗೆ ಒಗ್ಗಿಸಿಕೊಳ್ಳುವುದು ಗೋಡೆಗೆ ಬಿಳಿ ಬಟ್ಟೆ ಕಟ್ಟಿದಷ್ಟು ಸುಲಭವಲ್ಲ. ಒಪೆರಾ ಮನೆಯ ಬಾಕ್ಸ್‌ಗಳು ವೇದಿಕೆಯ ಎರಡೂ ಪಕ್ಕಕ್ಕೆ ಬಾಗಿ ಬಂದಿರುತ್ತವೆ. ಅಲ್ಲಿ ಕೂತವರು ನಾಟಕ ನೋಡುವುದಕ್ಕಿಂತ ಎದುರಿನವರು ಯಾರು, ಯಾರ ಜತೆ ಬಂದಿದ್ದಾರೆ, ಏನು ತೊಟ್ಟಿದ್ದಾರೆ ಎಂದು ನೋಡುವುದೇ ಹೆಚ್ಚು. ಜೀವಂತ ನಟನನ್ನು ಪಕ್ಕದಿಂದ ನೋಡಿದರೂ ನಟನೇ. ಸಿನಿಮಾದ ಮುಖವನ್ನು ಪಕ್ಕದಿಂದ ನೋಡಿದರೆ ಸೊಟ್ಟ. ಅದಕ್ಕೆ ಎಲ್ಲರೂ ಎದುರಿಗೇ ಕೂರಬೇಕು. ಹಾಗಾಗಿ ಇಂಥ ಹಳೆಯ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಬಾಕ್ಸ್‌ಗಳಿಗೆ. ವಾದ್ಯಗಾರರು ಕೂರುತ್ತಿದ್ದ ತಗ್ಗನ್ನು ಮುಚ್ಚಿದರೆ ಮುಂದಿನ ಸಾಲಿಗೆ ಇನ್ನಷ್ಟು ಕುರ್ಚಿ. ಮೂಕಿ ಚಿತ್ರ ಓಡುವಷ್ಟು ದಿನ ಅಲ್ಲಿ ಹಾರ್ಮೋನಿಯಂ, ತಬಲಾದವರಿಗೆ ಕೆಲಸ ಇತ್ತು. ಟಾಕಿ ಬಂದ ಮೇಲೆ ಅವರಿಗೂ ಜಾಗವಿಲ್ಲ, ಅವರ ತಗ್ಗಿಗೂ ಜಾಗವಿಲ್ಲ. ಹಿಂದುಗಡೆ ಪ್ರೊಜೆಕ್ಟರಿಗೆ ಗಟ್ಟಿ ಗೋಡೆಯ ಕೋಣೆ ಬೇಕು, ಅಂದಿನ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ನೀರು ಸುರಿದರೂ ಆರದೆ ಉರಿಯುವಂಥದ್ದು. ನಾಟಕದ ಪರದೆಗಳನ್ನು ಮೇಲಕ್ಕೆಳೆಯಲು ವೇದಿಕೆಯ ಮೇಲಿದ್ದ ಎತ್ತರದ ಗೂಡಿಗೆ ಕೆಲಸವಿಲ್ಲದಾಗುತ್ತದೆ. ಪರದೆಯ ಹಿಂದಿನಿಂದ ಸ್ಪೀಕರ್ ಅರಚುವಾಗ ಆ ಲೆಕ್ಕಾಚಾರದ ಚಾವಣಿಯೂ ಬರಿಯ ಮಾಡು.

ಇಷ್ಟನ್ನು ಓದಿದರೆ ಯಾರಿಗಾದರೂ ಸಿನಿಮಾದವರ ಮೇಲೆ ಸಿಟ್ಟು ಬರುತ್ತದೆ. ನನಗೂ ಬಾಕ್ಸ್‌ಗಳ ಬಗ್ಗೆ ಮರುಕವಿದೆ. ಆದರೆ 1935ರಿಂದ 1993ರವರೆಗಿನ 58 ವರ್ಷ ಆ ಕಟ್ಟಡದ ಸೂರಿನ ಹೆಂಚು, ವಿದ್ಯುತ್ತಿನ ಬಿಲ್ಲು, ಗೇಟ್‌ಕೀಪರನ ಸಂಬಳ ಕೊಟ್ಟವರು ಯಾರು? ದಿನಕ್ಕೆ ಮೂರು ನಾಲ್ಕು ಆಟಕ್ಕೆ ಸಾಲು ಹಚ್ಚಿದ ಗಿರಣಿ ಕಾರ್ಮಿಕರು, ಕಾಲೇಜು ತಪ್ಪಿಸಿದ ಹುಡುಗರು, ರಾತ್ರಿ ಶಾಲೆಯಲ್ಲಿ ಓದುತ್ತ ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ನಮ್ಮೂರ ಮಾಣಿಗಳು. ಜಾರ್ಜ್ ದೊರೆಗೆಂದು ಹಾಸಿದ ಮೆಟ್ಟಿಲನ್ನು ಅವರು ಕಾಸು ಕೊಟ್ಟು ಹತ್ತಿದರು. ಅದೇ ಅವಧಿಯಲ್ಲಿ ಲ್ಯಾಮಿಂಗ್ಟನ್ ರಸ್ತೆ, ಗ್ರಾಂಟ್ ರೋಡುಗಳೆಲ್ಲ ಇಂಪೀರಿಯಲ್, ಮಿನರ್ವಾ, ಅಪ್ಸರಾ, ನಾಝ್ ಎಂದು ಟಾಕೀಸುಗಳಿಂದ ತುಂಬಿಕೊಂಡವು. ನಾಝ್ ಕಟ್ಟಡದ ಪುಟ್ಟ ಪುಟ್ಟ ಆಫೀಸುಗಳಲ್ಲಿ ಕೂತ ವಿತರಕರು ಯಾವ ಚಿತ್ರ ಯಾವ ಊರಿಗೆ ಎಂದು ನಿಶ್ಚಯ ಮಾಡುತ್ತಿದ್ದರು. ಆ ಪೇಟೆಯ ಹಿರಿಯಜ್ಜಿಯಾಗಿ ಒಪೆರಾ ಹೌಸ್ ಬಾಳಿತು.

ಜೋಳಿಗೆ ಹಿಡಿದ ಪಠಾಣ

ಸಿನಿಮಾ ನಾಟಕವನ್ನು ಹೊರದಬ್ಬಿತು ಎಂಬ ಮಾತಿಗೆ ಅತಿ ದೊಡ್ಡ ಅಪವಾದ ಇದೇ ಮನೆಯಲ್ಲಿ ನಡೆಯಿತು, ಅದೂ ಒಬ್ಬ ಸಿನಿಮಾ ತಾರೆಯಿಂದ. 1944ರಲ್ಲಿ ಪೃಥ್ವಿರಾಜ್ ಕಪೂರ್ ‘ಪೃಥ್ವಿ ಥಿಯೇಟರ್ಸ್’ ಆರಂಭಿಸಿದರು. ಮೂರು ವರ್ಷ ಹಿಂದಷ್ಟೇ ‘ಸಿಕಂದರ್’ ಚಿತ್ರದ ಅಲೆಗ್ಸಾಂಡರನಾಗಿ ದೇಶವನ್ನೆಲ್ಲ ಗೆದ್ದಿದ್ದವರು. ಮೊದಲ ನಾಟಕ ‘ಶಾಕುಂತಲಾ’. ಗುರ್ಲಹೊಸೂರಿನ ಕಿರ್ಲೋಸ್ಕರರು ಹಿಡಿದದ್ದೂ ಅದೇ ಕಥೆ, ಪೇಶಾವರದ ಈ ಪಠಾಣ ಸೀಮೆಯ ನಟ ಹಿಡಿದದ್ದೂ ಅದೇ ಕಥೆ. ಆಡಿದ ಜಾಗ ರಾಯಲ್ ಒಪೆರಾ ಹೌಸ್.

ಆದರೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಅಲ್ಲಿ ಸಿನಿಮಾ ಓಡುತ್ತಿತ್ತು. ಉಳಿದದ್ದು ಬೆಳಗು. ಹಾಗಾಗಿ ಪೃಥ್ವಿಯವರ ನಾಟಕ ಬೆಳಿಗ್ಗೆ. ಇದರ ಕಷ್ಟ ನಾಟಕ ಮಾಡಿದವರಿಗೇ ಗೊತ್ತು. ರಾತ್ರಿ ಕೊನೆಯ ಆಟ ಬಿಟ್ಟ ಮೇಲೆ ಸೆಟ್ಟು ಹೊತ್ತು ತರಬೇಕು, ನಿಲ್ಲಿಸಬೇಕು, ದೀಪ ಹೊಂದಿಸಬೇಕು. ಹಕ್ಕಿ ಕೂಗುವ ಹೊತ್ತಿಗೆ ಬಣ್ಣ ಹಚ್ಚಿಕೊಳ್ಳಬೇಕು. ನಾಟಕ ಮುಗಿದು ಕೈತಟ್ಟುವ ಸದ್ದು ಆರುವ ಮೊದಲೇ ಎಲ್ಲವನ್ನೂ ಬಿಚ್ಚಿ ಹೊರಗೆ ಹಾಕಬೇಕು, ಮ್ಯಾಟಿನಿಯ ಜನ ಗೇಟಿನ ಹೊರಗೆ ನಿಂತಿರುತ್ತಾರೆ. ಜೋಹ್ರಾ ಸೆಹಗಲ್ ಹದಿನಾಲ್ಕು ವರ್ಷ ಈ ತಂಡದಲ್ಲಿ ಬೆವರು ಸುರಿಸಿದರು. ಶಂಕರ್ ಮತ್ತು ಜೈಕಿಶನ್ ಜೋಡಿಯಾಗುವ ಮೊದಲು ಇಲ್ಲಿಯ ವಾದ್ಯಗಾರರು, ಒಬ್ಬರು ತಬಲಾಕ್ಕೆ, ಇನ್ನೊಬ್ಬರು ಹಾರ್ಮೋನಿಯಮ್ಮಿಗೆ. ಶಶಿ ಕಪೂರ್ ಚಿಕ್ಕ ಹುಡುಗನಾಗಿ ವೇದಿಕೆ ಹತ್ತಿದ್ದು ಅಪ್ಪನ ಈ ನಾಟಕಗಳಲ್ಲೇ.

1945ರಲ್ಲಿ ‘ದೀವಾರ್’. ಅಣ್ಣತಮ್ಮಂದಿರ ಮನೆಯೊಳಗೆ ಪರದೇಶಿಯರು ಬಂದು ಹುಳಿ ಹಿಂಡುತ್ತಾರೆ, ನಡುಮನೆಯಲ್ಲಿ ಗೋಡೆ ಏಳುತ್ತದೆ. ದೇಶ ಇಬ್ಭಾಗವಾಗಲು ಇನ್ನೂ ಎರಡು ವರ್ಷವಿತ್ತು. 1947ರಲ್ಲಿ ‘ಪಠಾಣ್’, ಮರುವರ್ಷ ‘ಗದ್ದಾರ್’, 1949ರಲ್ಲಿ ‘ಆಹುತಿ’. ಪೇಶಾವರ ಬಿಟ್ಟು ಬಂದ ಮನುಷ್ಯ ಹಿಂದೂ ಮುಸಲ್ಮಾನರ ಗೆಳೆತನದ ಕಥೆಯನ್ನು, ಊರು ಹೊತ್ತಿ ಉರಿಯುತ್ತಿದ್ದಾಗಲೇ, ಬಿಡದೆ ಆಡಿದರು. ಪ್ರತಿ ಆಟದ ಕೊನೆಗೆ ಪೃಥ್ವಿರಾಜ್ ಬಾಗಿಲ ಬಳಿ ತಲೆ ತಗ್ಗಿಸಿ, ಜೋಳಿಗೆ ಚಾಚಿ ನಿಲ್ಲುತ್ತಿದ್ದರು. ಹೊರಗೆ ಹೋಗುವವರು ಕೈಲಾದಷ್ಟು ಹಾಕುತ್ತಿದ್ದರು. ನಿರಾಶ್ರಿತರಿಗೂ ಕಷ್ಟದಲ್ಲಿದ್ದವರಿಗೂ ಆ ಹಣ ಹೋಗುತ್ತಿತ್ತು. ಪರದೆಯ ಮೇಲೆ ಚಕ್ರವರ್ತಿಯಾಗಿ ಮೆರೆದವನು ಎದುರಿಗೆ ಬಂದು ಜೋಳಿಗೆ ಹಿಡಿದರೆ ಖಾಲಿ ಕೈಯಲ್ಲಿ ದಾಟಿ ಹೋಗುವುದು ಸುಲಭವಲ್ಲ.

ಈ ತಂಡ ದೇಶವನ್ನೆಲ್ಲ ಸುತ್ತಿ ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರದರ್ಶನ ಕೊಟ್ಟು 1960ರಲ್ಲಿ ನಿಂತಿತು. ಪೃಥ್ವಿರಾಜರ ದನಿ ಅಷ್ಟರಲ್ಲಿ ಒಡೆದಿತ್ತು. ಸಿನಿಮಾದಲ್ಲಿ ದುಡಿದದ್ದನ್ನು ನಾಟಕಕ್ಕೆ ಸುರಿದು ಅವರೇನೂ ಉಳಿಸಿಕೊಳ್ಳಲಿಲ್ಲ. ಇಲ್ಲಿ ಲೆಕ್ಕ ತಿರುವುಮುರುವಾಗಿದೆ ನೋಡಿ: ಸಿನಿಮಾ ನಾಟಕದ ಅನ್ನ ಕಸಿಯಿತು ಎನ್ನುತ್ತೇವೆ, ಇಲ್ಲಿ ಸಿನಿಮಾದ ಸಂಬಳ ನಾಟಕಕ್ಕೆ ಅನ್ನ ಹಾಕಿತು, ಸಿನಿಮಾದ ಗಳಿಕೆಯಲ್ಲಿ ಬದುಕಿದ ಮನೆ ನಾಟಕಕ್ಕೆ ಬೆಳಗಿನ ಜಾಗ ಕೊಟ್ಟಿತು. ಕನ್ನಡಿಗರು ಪೃಥ್ವಿರಾಜರನ್ನು ತೆರೆಯ ಮೇಲೆ ಕಂಡಿದ್ದಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲರ ‘ಸಾಕ್ಷಾತ್ಕಾರ’ದಲ್ಲಿ ರಾಜಕುಮಾರ್ ಜತೆ ನಟಿಸಿದ ಹಿರಿಯರು ಇವರೇ. ಒಬ್ಬರು ಒಪೆರಾ ಹೌಸಿನ ಬೆಳಗಿನ ಆಟಗಳಿಂದ ಬಂದವರು, ಇನ್ನೊಬ್ಬರು ಗುಬ್ಬಿ ಕಂಪನಿಯ ರಾತ್ರಿಗಳಿಂದ. ಮರುವರ್ಷ ಪೃಥ್ವಿರಾಜ್ ತೀರಿಕೊಂಡರು.

ಸೌರಾಷ್ಟ್ರದ ಗೊಂಡಲ್ ಸಂಸ್ಥಾನದ ಮಹಾರಾಜ ವಿಕ್ರಮಸಿಂಹಜಿ ಈ ಕಟ್ಟಡವನ್ನು ತಮ್ಮದಾಗಿಸಿಕೊಂಡದ್ದು 1952ರಲ್ಲಿ. ಸಂಸ್ಥಾನಗಳೇ ಹೋದ ಮೇಲೆ ಮಹಾರಾಜರೊಬ್ಬರು ಟಾಕೀಸಿನ ಮಾಲೀಕರಾದ ಆ ಸಂಗತಿಯಲ್ಲಿ ಸ್ವಲ್ಪ ತಮಾಷೆಯಿದೆ. ಮುಂದೆ ಆದದ್ದು ಎಲ್ಲ ಊರಿನ ಕಥೆ: ಎಂಬತ್ತರ ದಶಕದಲ್ಲಿ ವಿಡಿಯೊ ಕ್ಯಾಸೆಟ್, ತೊಂಬತ್ತರ ಆರಂಭದಲ್ಲಿ ಕೇಬಲ್ ಟಿ.ವಿ., ಮೇಲೆ ಮನರಂಜನಾ ತೆರಿಗೆಯ ಹೊರೆ. 1993ರಲ್ಲಿ ಸಿನಿಮಾ ನಿಂತಿತು. ಒಂದು ಫ್ಯಾಷನ್ ಷೋ ನಡೆದದ್ದೇ ಕೊನೆ, ಬೀಗ ಬಿತ್ತು.

ಬೀಗ ಬಿದ್ದ ಕಟ್ಟಡಕ್ಕೆ ಮುಂಬೈ ಮಳೆಗಾಲಕ್ಕಿಂತ ದೊಡ್ಡ ಶತ್ರುವಿಲ್ಲ. ಮಾಡು ಸೋರಿತು, ಮರದ ತೊಲೆಗಳು ಕೊಳೆತವು, ಬಾಲ್ಕನಿ ಬಲ ಕಳೆದುಕೊಂಡಿತು, ಗೋಡೆಯ ಬಿರುಕಿನಲ್ಲಿ ಗಿಡ ಬೇರು ಬಿಟ್ಟಿತು. 2012ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ ಅಪಾಯದಂಚಿನ ತಾಣಗಳ ಪಟ್ಟಿಗೆ ಇದನ್ನು ಸೇರಿಸಿತು. ಆ ಹೊತ್ತಿಗೆ ಗೊಂಡಲ್ ಮನೆತನದ ಜ್ಯೋತೇಂದ್ರಸಿಂಹಜಿ, ಕುಮುದ್ ಕುಮಾರಿ ದಂಪತಿ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಕೈಗೆ ದುರಸ್ತಿ ಒಪ್ಪಿಸಿ ಕೆಲಸ ಶುರುವಾಗಿತ್ತು. ಹಳೆಯ ಫೋಟೊ, ಹಳೆಯ ದಾಖಲೆ ಹುಡುಕಿ, ಬಣ್ಣದ ಪದರಗಳನ್ನು ಕೆರೆದು ಮೂಲ ಯಾವುದೆಂದು ಗುರುತು ಹಿಡಿದರು. ಸಿನಿಮಾ ಕಾಲದಲ್ಲಿ ಕಳೆದುಹೋಗಿದ್ದ ಬಾಕ್ಸ್‌ಗಳು ತಿರುಗಿ ಬಂದವು, ವಾದ್ಯಗಾರರ ತಗ್ಗು ಮತ್ತೆ ತೆರೆಯಿತು, ಬಣ್ಣದ ಗಾಜು ಜೋಡಿಸಿದರು, ಸಾನ್ ಸೂಸಿ ದೀಪಗಳು ಹೊಳಪು ಪಡೆದವು. 2016ರ ಅಕ್ಟೋಬರಿನಲ್ಲಿ ಬಾಗಿಲು ತೆರೆದಾಗ ಮುಂಬೈಯಲ್ಲೇ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಪೆಟ್ರೀಷಿಯಾ ರೊಜಾರಿಯೊ ಹಾಡಿದರು. ಅದೇ ತಿಂಗಳು ಮುಂಬೈ ಚಲನಚಿತ್ರೋತ್ಸವದ ಉದ್ಘಾಟನೆಯೂ ಅಲ್ಲೇ. ಮರುವರ್ಷ ಯುನೆಸ್ಕೊದ ಏಷ್ಯಾ ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ ಬಂತು. ಈಗ ಸುಮಾರು 575 ಆಸನಗಳಿವೆ. ಸಂಗೀತ, ನಾಟಕ, ನೃತ್ಯ, ಆಗೀಗ ಸಿನಿಮಾ.

ಕೆಲಸ ಅಚ್ಚುಕಟ್ಟಾಗಿದೆ, ಎರಡು ಮಾತಿಲ್ಲ. ಮರದ, ಗಾರೆಯ, ಗಾಜಿನ ಕುಶಲಿಗಳು ಈ ಕಾಲದಲ್ಲೂ ಇದ್ದಾರೆ ಎಂಬುದೇ ಸಮಾಧಾನ. ಆದರೂ ಜೀರ್ಣೋದ್ಧಾರ ಎಂದಾಗ ಯಾವ ವರ್ಷಕ್ಕೆ ತಿರುಗಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಲ್ಲಿ ಹೆಚ್ಚು ಕಡಿಮೆ ಕಟ್ಟಿದ ಕಾಲಕ್ಕೇ ತಿರುಗಿದರು. ಯಾರ ಆಯ್ಕೆಯಾಗಿದ್ದರೂ ಬಹುಶಃ ಹಾಗೇ ಆಗುತ್ತಿತ್ತು. ದೇವಸ್ಥಾನದಲ್ಲೂ ನಾವು ಹೊಯ್ಸಳರ ಕಂಬ ಉಳಿಸಿ ಅಜ್ಜನ ಕಾಲದ ಸಾರಣೆ ಕೆರೆದು ಹಾಕುವವರೇ. ದೊರೆ ಬಂದ ಕಾಲದ ಗುರುತುಗಳು ಅಲ್ಲಿ ಹೆಜ್ಜೆಹೆಜ್ಜೆಗೆ ಕಾಣುತ್ತವೆ, 58 ವರ್ಷ ಆ ಮನೆಯನ್ನು ಸಾಕಿದ ಟಾಕೀಸಿನ ಕಾಲ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಟಿಕೆಟ್ಟಿನ ದರ ನೋಡಿದರೆ ಲೋಟ ತೊಳೆಯುವ ಹುಡುಗ ಇಂದು ಅಲ್ಲಿಗೆ ಹೋಗುವುದು ಕಷ್ಟ. ಮಾಲೀಕರು ಕೈಯಿಂದ ಹಣ ಹಾಕಿ ಉಳಿಸಿದ್ದಾರೆ, ಅವರನ್ನು ದೂರುವುದು ನ್ಯಾಯವಲ್ಲ. ಬೆಳಗಿನ ಹೊತ್ತು ಕಡಿಮೆ ದರಕ್ಕೆ ಯಾವುದಾದರೂ ಬಡ ತಂಡಕ್ಕೆ ಕೊಡಬಹುದಲ್ಲ ಎಂದು ಆಸೆಪಡುವುದರಲ್ಲಿ ಮಾತ್ರ ತಪ್ಪೇನಿಲ್ಲ. ಆ ಮನೆಯ ಚರಿತ್ರೆಯಲ್ಲೇ ಅದಕ್ಕೆ ಆಧಾರವಿದೆ.

ಬೆಂಗಳೂರಿನವರಾಗಿ ಇದನ್ನು ಓದುವಾಗ ಹೊಟ್ಟೆಕಿಚ್ಚು ಆಗದೆ ಇರದು. ಮಾರ್ಕೆಟ್ಟಿನ ಹತ್ತಿರ ಜನೋಪಕಾರಿ ದೊಡ್ಡಣ್ಣ ಶೆಟ್ಟರ ಹೆಸರಿನ ದೊಡ್ಡಣ್ಣ ಹಾಲ್ ಇತ್ತು, ನಾಟಕಕ್ಕೂ ಸಭೆಗೂ. ಮುಂದೆ ಅದೂ ಟಾಕೀಸಾಗಿ ಪ್ಯಾರಾಮೌಂಟ್ ಎನಿಸಿಕೊಂಡಿತು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆ ಕಂಡದ್ದು ಅಲ್ಲಿ. ಆ ಚಿತ್ರದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇಬ್ಬರೂ ನಾಟಕದವರೇ. ಆ ಹಾಲ್ ಈಗ ಇಲ್ಲ. ಎಂ.ಜಿ. ರಸ್ತೆಯ ಪ್ಲಾಜಾ ಇದ್ದ ಕಡೆ ಮೆಟ್ರೊ ನಿಲ್ದಾಣವಿದೆ. ಗಾಂಧಿನಗರದ ಕಪಾಲಿ ನೆಲಸಮವಾಗಿದೆ. ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ ಕೂಡುವಲ್ಲಿ ನಮ್ಮದೂ ಒಂದು ಒಪೆರಾ ಹೌಸ್ ಇದೆ. ನಾಟಕ ಕಂಡಿತು, ಸಿನಿಮಾ ಕಂಡಿತು, ವರ್ಷಗಟ್ಟಲೆ ಹಾಳು ಬಿತ್ತು. 2018ರಿಂದ ಅದು ಸ್ಯಾಮ್‌ಸಂಗ್ ಕಂಪನಿಯ ಮಳಿಗೆ. ಗೋಡೆ ಉಳಿಯಿತಲ್ಲ ಎಂದು ಸಂತೋಷಪಟ್ಟವರೂ ಇದ್ದಾರೆ, ನಾನೂ ಅರ್ಧ ಮನಸ್ಸಿನಿಂದ ಅವರ ಜತೆಗಿದ್ದೇನೆ.

ಮುಂಬೈಯ ಮನೆ ಹೀಗಾಗದೆ ಉಳಿದದ್ದಕ್ಕೆ ಕಲಾಪ್ರೇಮ ಒಂದೇ ಕಾರಣವಲ್ಲ. ದೇಶದ ಅತಿ ದುಬಾರಿ ನೆಲದಲ್ಲಿ ಬೀಗ ಹಾಕಿ ಇಪ್ಪತ್ತಮೂರು ವರ್ಷ ಕಾಯುವ ತಾಕತ್ತು ಮಾಲೀಕರಿಗಿತ್ತು. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಒಂದೇ ಪರದೆಯ ಟಾಕೀಸು ಇಟ್ಟುಕೊಂಡು, ಮಕ್ಕಳ ಮದುವೆಗೂ ಬ್ಯಾಂಕಿನ ಕಂತಿಗೂ ಅದನ್ನೇ ನಂಬಿದವನಿಗೆ ಆ ತಾಕತ್ತು ಎಲ್ಲಿಂದ ಬರಬೇಕು? ಅವನ ಪ್ರೊಜೆಕ್ಟರ್ ಕೋಣೆಯನ್ನು ಪರಂಪರೆ ಎಂದು ಕರೆಯಲು ಯಾವ ಸಮಿತಿಯೂ ಬರುವುದಿಲ್ಲ. ಬರುವವನು ಕಲ್ಯಾಣ ಮಂಟಪ ಕಟ್ಟುವ ಗುತ್ತಿಗೆದಾರ, ಕೈಯಲ್ಲಿ ಮುಂಗಡ ಹಿಡಿದುಕೊಂಡೇ ಬರುತ್ತಾನೆ.